ಪರಿಚಯದವರ ಮಗ

ಡೊಂಬಿವಲಿ ಪೂರ್ವ
18 ನವೆಂಬರ್ 2024

ಅಡ್ವೊಕೇಟ್ ಶ್ರೀಮತಿ ವೇದಾ ಅವರಿಗೆ, ಐರೋಲಿ

ಶರಣು ಶರಣಾರ್ಥಿ.

ಸ್ನೇಹಸಂಗಮ ಕನ್ನಡ ಬಳಗದ ಅಧ್ಯಕ್ಷನಾಗಿ ಈ ಕಾಗದ ಬರೆಯುತ್ತಿದ್ದೇನೆ. ಬರೇ ಮುರುಗೆಪ್ಪನಾಗಿ ಬರೆದಿದ್ದರೆ ಇನ್ನಷ್ಟು ಖಾರವಾಗಿರುತ್ತಿತ್ತು.

ಮೊನ್ನೆಯ ರಾಜ್ಯೋತ್ಸವಕ್ಕೆ ನಿಮ್ಮನ್ನು ಕರೆದದ್ದು ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮೇಲೆ ಮಾತಾಡಲು. ಆಮಂತ್ರಣ ಪತ್ರಿಕೆಯಲ್ಲಿ ಹಾಗೆಯೇ ಅಚ್ಚಾಗಿದೆ. ನೀವು ಆಸ್ತಿಯನ್ನು ಅರ್ಧಕ್ಕೇ ಬಿಟ್ಟು, ಯಾರೋ ಕಾಲೇಜು ಹುಡುಗಿ ಪ್ರಶ್ನೆ ಕೇಳಿದಳೆಂಬ ನೆಪ ಹಿಡಿದು, ಗಾಂಜಾ, ಎಂಡಿ ಎಂಬ ನಶೆಯ ಪುಡಿ ಎಂದು ಶುರುಮಾಡಿದಿರಿ. ನಶೆ ಮಾಡುವವರನ್ನು ಜೈಲಿಗೆ ಹಾಕಬಾರದು, ಅದನ್ನು ಅಪರಾಧಗಳ ಪಟ್ಟಿಯಿಂದಲೇ ತೆಗೆಯಬೇಕು ಎಂದಿರಿ. ಮುಂದಿನ ಸಾಲಿನಲ್ಲಿದ್ದ ನಮ್ಮ ಹಿರಿಯ ಸದಸ್ಯ ಹಯಗ್ರೀವ ಅವರು ಎದ್ದು ಹೊರಟಾಗ ನಾನು ಬಾಗಿಲವರೆಗೆ ಓಡಿಹೋಗಿ ಕೈಮುಗಿದೆ. "ಊಟದ ಪಂಕ್ತ್ಯಾಗ ಉಪ್ಪಿನಕಾಯಿ ಬಾಜೂಕ ಗಾಂಜಾನೂ ಬಡಸ್ತೀರೇನ್ರಿ ಅಧ್ಯಕ್ಷರ?" ಎಂದು ಕೇಳಿ, ಊಟ ಮಾಡದೆ ಹೋದರು.

ನನ್ನ ಅಭಿಪ್ರಾಯ ಸ್ಪಷ್ಟವಿದೆ. ಮಾರುವವನಾಗಲಿ, ಮೂಗಿಗೆ ಏರಿಸುವವನಾಗಲಿ, ಎಲ್ಲರೂ ಒಂದೇ. ಹಿಡಿದು ಒಳಗೆ ಹಾಕಬೇಕು. ನಿಮ್ಮ ಮಾತು ನಡೆದರೆ ನಾಳೆ ನನ್ನ ಸೀರೆ ಅಂಗಡಿಯ ಪಕ್ಕದಲ್ಲೇ ಬೋರ್ಡು ಹಾಕಿಕೊಂಡು ಮಾರುತ್ತಾರೆ. ಆದ್ದರಿಂದ ಬಳಗದ ಸ್ಮರಣ ಸಂಚಿಕೆಯಲ್ಲಿ ಪ್ರಕಟಿಸಲು ನಿಮ್ಮಿಂದ ನಾಲ್ಕು ಸಾಲಿನ ಕ್ಷಮಾಪಣೆ ಬೇಕು. ಸಂಚಿಕೆ ಡಿಸೆಂಬರಿನಲ್ಲಿ ಅಚ್ಚಿಗೆ ಹೋಗುತ್ತದೆ.

ಸನ್ಮಾನದಲ್ಲಿ ಕೊಟ್ಟ ಇಳಕಲ್ ಸೀರೆ ನನ್ನ ಅಂಗಡಿಯದೇ. ಅದನ್ನು ವಾಪಸು ಕೇಳುತ್ತಿಲ್ಲ.

ಇಂತಿ,
ಮುರುಗೆಪ್ಪ
ಅಧ್ಯಕ್ಷ


ಐರೋಲಿ
27 ನವೆಂಬರ್ 2024

ಮುರುಗೆಪ್ಪನವರಿಗೆ ನಮಸ್ಕಾರ.

ಕಾಗದ ತಲುಪಿತು. ಸೀರೆ ಬಹಳ ಚೆನ್ನಾಗಿದೆ, ಉಟ್ಟುಕೊಂಡೇ ಈ ಉತ್ತರ ಬರೆಯುತ್ತಿದ್ದೇನೆ. ಕ್ಷಮಾಪಣೆ ಕೊಡುವುದಿಲ್ಲ.

ನಾನು ಹೇಳಿದ್ದು ಒಂದು, ನೀವು ಹಿಡಿದುಕೊಂಡದ್ದು ಇನ್ನೊಂದು. ಅಪರಾಧಮುಕ್ತ ಮಾಡುವುದು ಬೇರೆ, ಕಾನೂನುಬದ್ಧ ಮಾಡುವುದು ಬೇರೆ. ಎರಡಕ್ಕೂ ಅಜಗಜಾಂತರ. ಕಾನೂನುಬದ್ಧ ಎಂದರೆ ಸರ್ಕಾರ ಲೈಸೆನ್ಸು ಕೊಡುತ್ತದೆ, ತೆರಿಗೆ ಹಾಕುತ್ತದೆ, ಹೆಂಡದಂಗಡಿಯ ಹಾಗೆ ಬಾಗಿಲು ತೆರೆದು ಮಾರಬಹುದು. ಕೆನಡಾದಲ್ಲಿ ಗಾಂಜಾಕ್ಕೆ ಹಾಗೆ ಮಾಡಿದ್ದಾರೆ. ಅದನ್ನು ನಾನು ಕೇಳಲೇ ಇಲ್ಲ.

ನಮ್ಮ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ. ನಿಮ್ಮ ಡೊಂಬಿವಲಿ ಪಕ್ಕದ ದಿವಾದಲ್ಲಿ ಎಷ್ಟೋ ಅನಧಿಕೃತ ಕಟ್ಟಡಗಳಿವೆ. ಅಂಥದ್ದರಲ್ಲಿ ಮನೆ ಕೊಂಡು ಸಿಕ್ಕಿಬಿದ್ದ ಬಡಪಾಯಿಯನ್ನು ಯಾರೂ ಜೈಲಿಗೆ ಕಳಿಸುವುದಿಲ್ಲ. ಕೇಸು ಬೀಳುವುದು ಕಟ್ಟಿ ಮಾರಿದ ಬಿಲ್ಡರ್ ಮೇಲೆ. ಕೊಂಡವನನ್ನು ಬಿಟ್ಟರು ಎಂದ ಮಾತ್ರಕ್ಕೆ ಕಟ್ಟಡ ಅಧಿಕೃತ ಆಗಿಬಿಟ್ಟಿತೇ? ಇಲ್ಲ. ನಾನು ಕೇಳುತ್ತಿರುವುದು ಇಷ್ಟೇ. ಮಾರುವವನನ್ನು ಹಿಡಿಯಿರಿ. ಚಟಕ್ಕೆ ಬಿದ್ದವನನ್ನು ಆಸ್ಪತ್ರೆಗೆ ಕಳಿಸಿ. ಪೋರ್ಚುಗಲ್ಲಿನಲ್ಲಿ ಹೀಗೇ ನಡೆಯುತ್ತದೆ. ಒಬ್ಬನ ಬಳಿ ಹತ್ತು ದಿನಕ್ಕೆ ಸಾಲುವಷ್ಟು ಸಿಕ್ಕಿದರೆ, ಅದು ಸ್ವಂತಕ್ಕೆ ಎಂದು ತಿಳಿದು, ಕೋರ್ಟಿನ ಬದಲು ಡಾಕ್ಟರೂ ಸಮಾಜಸೇವಕರೂ ಇರುವ ಸಮಿತಿಯ ಮುಂದೆ ಕೂರಿಸುತ್ತಾರೆ. ಮಾರಿದವನಿಗೆ ಅಲ್ಲಿಯೂ ಜೈಲೇ. ನಮ್ಮಲ್ಲಿ ಇದೂ ಇಲ್ಲ, ಅದೂ ಇಲ್ಲ. ಇಲ್ಲಿ ಇಟ್ಟುಕೊಂಡವನೂ ಅಪರಾಧಿ, ಸೇವಿಸಿದವನೂ ಅಪರಾಧಿ.

ಅಂದು ನಾನು ಯಾಕೆ ಅಷ್ಟು ಕೂಗಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಈ ದೀಪಾವಳಿಗೆ ಮುಂಚೆ ನನ್ನ ಕಕ್ಷಿದಾರರೊಬ್ಬರ ಮನೆಯಲ್ಲಿ ಹುಡುಗನೊಬ್ಬ ಹೆಚ್ಚಾಗಿ ತೆಗೆದುಕೊಂಡು ಬಿದ್ದ. ಡಾಕ್ಟರನ್ನು ಕರೆದರೆ ಪೊಲೀಸರು ಬರುತ್ತಾರೆಂದು ಹೆದರಿ ತಾಯಿ ತಂದೆ ಬೆಳಗಿನವರೆಗೆ ಅವನ ಅಂಗಾಲು ತಿಕ್ಕುತ್ತ ಕೂತರು. ಬೆಳಿಗ್ಗೆ ಪೊಲೀಸರು ಹೇಗೂ ಬಂದರು, ಶವದ ಪಂಚನಾಮೆಗೆ. ನಿಮ್ಮ ಹಯಗ್ರೀವ ಅವರ ಒಂದು ಹೊತ್ತಿನ ಊಟಕ್ಕಾಗಿ ನಾನು ಈ ಮಾತನ್ನು ನುಂಗಿಕೊಳ್ಳಲಾರೆ.

ನಿಮ್ಮ ವಿಶ್ವಾಸಿ,
ವೇದಾ


ಡೊಂಬಿವಲಿ ಪೂರ್ವ
20 ಜನವರಿ 2025

ವೇದಾ ಅವರಿಗೆ ಶರಣು.

ಸ್ಮರಣ ಸಂಚಿಕೆ ಅಚ್ಚಾಯಿತು. ನಿಮ್ಮ ವಿಷಯ ಅದರಲ್ಲಿ ಬಂದಿಲ್ಲ, ಹಯಗ್ರೀವ ಅವರಿಗೆ ನಾನೇ ಸಮಾಧಾನ ಹೇಳಿದೆ.

ಇದು ಖಾಸಗಿ ಕಾಗದ, ಬಳಗಕ್ಕೆ ಸಂಬಂಧವಿಲ್ಲ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಈಗ ಪೊಲೀಸರು ಮೊಬೈಲು ಕಸಿದುಕೊಂಡು ವಾಟ್ಸಾಪಿನಲ್ಲಿ ಬರೆದದ್ದನ್ನೆಲ್ಲ ತೆಗೆದು ಓದುತ್ತಾರೆಂದು ಟೀವಿಯಲ್ಲಿ ನೋಡಿದ್ದೇನೆ. ದಯವಿಟ್ಟು ನೀವೂ ಕಾಗದದಲ್ಲೇ ಉತ್ತರ ಬರೆಯಿರಿ, ಮನೆಗೆ ಬೇಡ, ಅಂಗಡಿಯ ವಿಳಾಸಕ್ಕೆ.

ನಮ್ಮ ಪರಿಚಯದವರೊಬ್ಬರಿದ್ದಾರೆ. ನಮ್ಮ ಕಡೆಯವರೇ, ಮರ್ಯಾದಸ್ಥರು. ಅವರ ಮಗ ಮಹಾಪೆಯ ಕಂಪನಿಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ನಿದ್ದೆ ಬರಬಾರದೆಂದು ಜೊತೆಯವರು ಎಂಡಿ ಪುಡಿಯ ರುಚಿ ಹತ್ತಿಸಿದ್ದಾರೆ. ಈಗ ದಿನಾ ದಿವಾದಲ್ಲಿ ಇಳಿದು, ತೆಗೆದುಕೊಂಡೇ ಮನೆಗೆ ಬರುತ್ತಾನೆ. ಊಟ ಸೇರುವುದಿಲ್ಲ. ಮಾತಾಡಲು ಶುರುಮಾಡಿದರೆ ನಿಲ್ಲಿಸುವುದಿಲ್ಲ, ಅಥವಾ ಎರಡು ದಿನ ಬಾಯಿಯೇ ತೆರೆಯುವುದಿಲ್ಲ. ಮಲಗಿದಾಗ ಹಲ್ಲು ಕಡಿಯುವ ಸದ್ದು ಅಡುಗೆಮನೆಗೂ ಕೇಳುತ್ತದೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅವನ ತಾಯಿ ಸದ್ದು ಜೋರು ಮಾಡುತ್ತಾಳೆ, ಅದು ಕೇಳಬಾರದೆಂದು. ಇದೆಲ್ಲ ಅವರು ನನಗೆ ಹೇಳಿದ್ದು.

ಅವರ ಪ್ರಶ್ನೆ ಹೀಗಿದೆ. ಆಸ್ಪತ್ರೆಗೆ ಸೇರಿಸಿದರೆ ಹುಡುಗನ ಹೆಸರು ಪೊಲೀಸರಿಗೆ ಹೋಗುತ್ತದೆಯೋ? ಮುಂದೆ ನೌಕರಿಗೆ, ಪಾಸ್‌ಪೋರ್ಟಿಗೆ ತೊಂದರೆ ಆಗುತ್ತದೆಯೋ? ಯಾರಿಗೂ ಗೊತ್ತಾಗದಂತೆ ಮನೆಯಲ್ಲೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಸಿ ಬಿಡಿಸಲು ಬರುತ್ತದೆಯೋ?

ಬೇಗ ತಿಳಿಸಿದರೆ ಅವರಿಗೆ ಉಪಕಾರವಾಗುತ್ತದೆ.

ನಿಮ್ಮವ,
ಮುರುಗೆಪ್ಪ


ಐರೋಲಿ
24 ಜನವರಿ 2025

ಮುರುಗೆಪ್ಪನವರಿಗೆ,

ನಿಮ್ಮ ಪರಿಚಯದವರಿಗೆ ಹೀಗೆ ಹೇಳಿ.

ನಮ್ಮ ಕಾನೂನು ಇಡೀ ಗೋಡೆಯೇ ಆಗಿದ್ದರೂ ಅದರಲ್ಲಿ ಒಂದು ಚಿಕ್ಕ ಬಾಗಿಲು ಇಟ್ಟಿದ್ದಾರೆ. ಚಟಕ್ಕೆ ಬಿದ್ದವನು ತಾನಾಗಿ, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆಯನ್ನು ಪೂರ್ತಿ ಮಾಡಿಸಿಕೊಂಡರೆ, ಸೇವಿಸಿದ್ದಕ್ಕೂ ಸ್ವಲ್ಪ ಇಟ್ಟುಕೊಂಡಿದ್ದಕ್ಕೂ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಸ್ವಲ್ಪ ಎಂದರೆ ಸ್ವಲ್ಪವೇ. ಎಂಡಿಗೆ ಅದು ಎರಡು ಗ್ರಾಂ. ಅದನ್ನು ದಾಟಿದರೆ ಆ ಬಾಗಿಲು ಇಲ್ಲ. ನಮ್ಮಲ್ಲಿ ಈ ಬಾಗಿಲು ಇದೆ ಎಂದು ಹತ್ತರಲ್ಲಿ ಒಬ್ಬರಿಗೂ ಗೊತ್ತಿಲ್ಲ, ಗೊತ್ತಿದ್ದವರಿಗೆ ಧೈರ್ಯವಿಲ್ಲ. ಅಪರಾಧ ಎಂದು ಹಣೆಪಟ್ಟಿ ಹಚ್ಚಿದ ಮೇಲೆ ಯಾವ ತಂದೆ ಮಗನ ಕೈ ಹಿಡಿದು ಹಗಲು ಹೊತ್ತಿನಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾನೆ? ನಾನು ವೇದಿಕೆ ಮೇಲೆ ಹೇಳಿದ್ದೂ ಇದನ್ನೇ.

ಆಸ್ಪತ್ರೆಯವರು ಹೆಸರು ಗುಟ್ಟಾಗಿ ಇಡುತ್ತಾರೆ. ನನಗೆ ಗೊತ್ತಿರುವ ಡಾಕ್ಟರ್ ಒಬ್ಬರು ಥಾಣೆಯ ಆಸ್ಪತ್ರೆಯೊಂದರಲ್ಲಿದ್ದಾರೆ, ನಾನೇ ಜೊತೆಗೆ ಬರುತ್ತೇನೆ. ಮನೆಯಲ್ಲೇ ಬಿಡಿಸುವ ಯೋಚನೆ ಬೇಡವೇ ಬೇಡ. ಡಾಕ್ಟರ್ ಮಾಡುವ ಕೆಲಸವನ್ನು ಅಪ್ಪ ಮಾಡಬಾರದು.

ಇವತ್ತು ಶುಕ್ರವಾರ. ಪರಿಚಯದವರನ್ನು ಸೋಮವಾರ ಕಳಿಸಿ. ಅವರಿಗೆ ಒಬ್ಬರೇ ಬರಲು ಸಂಕೋಚವಾದರೆ ನೀವೂ ಬನ್ನಿ. ನನಗೇನೂ ಆಶ್ಚರ್ಯವಾಗುವುದಿಲ್ಲ.

ವೇದಾ


ಡೊಂಬಿವಲಿ ಪೂರ್ವ
3 ಮಾರ್ಚ್ 2025

ವೇದಾ ಅವರಿಗೆ ಶರಣು.

ಉತ್ತರ ತಡವಾಯಿತು, ಮನ್ನಿಸಿ. ನಮ್ಮ ಮಗಳು ಮಯೂರಿಯ ಮದುವೆ ಗೊತ್ತಾಗಿದೆ. ವಿಜಯಪುರದ ಮನೆತನ, ಹುಡುಗ ಪುಣೆಯಲ್ಲಿ ಬ್ಯಾಂಕಿನಲ್ಲಿದ್ದಾನೆ. ಮೇ ತಿಂಗಳಲ್ಲಿ ಲಗ್ನ. ನೀವು ಬರಲೇಬೇಕು, ಆಮಂತ್ರಣ ಕಳಿಸುತ್ತೇನೆ.

ಪರಿಚಯದವರ ಮನೆಯಲ್ಲೂ ಒಂದು ಮದುವೆ ಇದೆ. ಈ ಹೊತ್ತಿನಲ್ಲಿ ಹುಡುಗ ಆಸ್ಪತ್ರೆಯಲ್ಲಿದ್ದಾನೆ ಎಂದರೆ ಬೀಗರು ಏನೆಂದುಕೊಂಡಾರು? ಹೀಗಾಗಿ ಅವರು ಲಗ್ನ ಮುಗಿಯಲಿ ಎಂದಿದ್ದಾರೆ. ಆದರೆ ಕೈಕಟ್ಟಿ ಕೂತಿಲ್ಲ. ನಿಮ್ಮ ಮೊದಲ ಕಾಗದವನ್ನು ನಾನು ಅವರಿಗೆ ಓದಿ ಹೇಳಿದೆ, ಅದರಲ್ಲೇ ದಾರಿ ಸಿಕ್ಕಿತು. ಹತ್ತು ದಿನಕ್ಕೆ ಸಾಲುವಷ್ಟು ಸ್ವಂತಕ್ಕೆ ಇಟ್ಟುಕೊಂಡರೆ ಅದು ಅಪರಾಧವಲ್ಲ ಎಂದು ನೀವೇ ಬರೆದಿದ್ದೀರಿ. ಎರಡು ಗ್ರಾಮಿನ ಮಾತು ಆಸ್ಪತ್ರೆಗೆ ಹೋಗುವವರಿಗೆ, ಅದೂ ತಿಳಿಯಿತು.

ಅವರು ವ್ಯಾಪಾರಸ್ಥರು. ಹುಡುಗ ದಿನಾ ದಿವಾದಲ್ಲಿ ಇಳಿದು ಚಿಲ್ಲರೆಯಲ್ಲಿ ತರುವುದು ಅಂದರೆ ದಿನಾ ಅಪಾಯ, ದಿನಾ ಆ ಮಂದಿಯ ಸಹವಾಸ. ಅದರ ಬದಲು ಅವರೇ ಒಂದು ಸಲ ಹೋಗಿ ಹತ್ತು ದಿನದ್ದನ್ನು ಸಗಟಾಗಿ ತಂದರು. ಅಕ್ಕಸಾಲಿಗರ ಸಣ್ಣ ತಕ್ಕಡಿ ಕೊಂಡು ತೂಕ ಮಾಡಿ, ದಿನಕ್ಕೊಂದರಂತೆ ಪೊಟ್ಟಣ ಕಟ್ಟಿದ್ದಾರೆ, ಪ್ರತಿ ಪೊಟ್ಟಣ ಹಿಂದಿನದಕ್ಕಿಂತ ಚೂರು ಕಡಿಮೆ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿದ ಮೇಲೆ ಮಗನನ್ನು ಕರೆದು ಕೈಯಾರೆ ಕೊಡುತ್ತಾರೆ. ಹುಡುಗ ದಿವಾದ ದಾರಿ ಬಿಟ್ಟಿದ್ದಾನೆ. ಮೊನ್ನೆ ಎರಡು ರೊಟ್ಟಿ ತಿಂದ, ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡ. ಎಷ್ಟೋ ದಿನದ ಮೇಲೆ ಮನೆಯಲ್ಲಿ ಒಂದು ಬೆಳಕು ಬಂದ ಹಾಗಾಗಿದೆ. ಲಗ್ನದ ಹೊತ್ತಿಗೆ ಪೂರ್ತಿ ಸೊನ್ನೆಗೆ ಬರುತ್ತದೆ.

ನಿಮ್ಮ ಉಪಕಾರ ಅವರು ಮರೆಯುವುದಿಲ್ಲ.

ನಿಮ್ಮವ,
ಮುರುಗೆಪ್ಪ


ಐರೋಲಿ
8 ಮಾರ್ಚ್ 2025

ಮುರುಗೆಪ್ಪನವರೇ,

ಪರಿಚಯದವರು ಗಿರಿಚಯದವರು ಇನ್ನು ಸಾಕು. ನಿಮ್ಮ ಕಾಗದ ಕೈಗೆ ಬಂದ ಕೂಡಲೇ ಫೋನ್ ಮಾಡಿದೆ, ನೀವು ಕಟ್ ಮಾಡಿದಿರಿ. ನಿನ್ನೆ ಕೋರ್ಟು ಬಿಟ್ಟು ನಿಮ್ಮ ಅಂಗಡಿಗೇ ಬಂದೆ. "ಬರ್ರಿ ಬರ್ರಿ, ಮ್ಯಾಡಮ್‌ಗೆ ಗಾಯತ್ರಿ ಅಂಚಿಂದು ತೋರ್ಸ್ರೆಪಾ" ಎಂದು ಚಹಾ ತರಿಸಿ, ಗಿರಾಕಿಗಳ ನಡುವೆ ನನ್ನನ್ನು ಕೂರಿಸಿ, ಸೀರೆ ಮೇಲೆ ಸೀರೆ ಬಿಚ್ಚಿ ಹಾಕಿಸಿದಿರಿ. ನಾನು ಬಾಯಿ ತೆರೆದಾಗಲೆಲ್ಲ ಇನ್ನೊಂದು ಬಣ್ಣ. ಒಂದು ಗಂಟೆ ಕೂತು, ಬೇಡದ ಎರಡು ಸೀರೆ ಕೊಂಡು ಎದ್ದು ಬಂದೆ. ಇಷ್ಟು ಸಿಟ್ಟು ನನಗೆ ಯಾವ ಜಡ್ಜಿನ ಮೇಲೂ ಬಂದಿಲ್ಲ.

ಹತ್ತು ದಿನದ ಮಾತು ಪೋರ್ಚುಗಲ್ಲಿನದು. ಪೋರ್ಚುಗಲ್! ಡೊಂಬಿವಲಿಯದಲ್ಲ. ಹೇಗಿರಬೇಕು ಎಂದು ನಾನು ಬರೆದದ್ದನ್ನು ಹೇಗಿದೆ ಎಂದು ಓದಿಕೊಂಡಿರಿ. ನಮ್ಮಲ್ಲಿ ಹಾಗಿಲ್ಲ ಎಂದು ಅದರ ಕೆಳಗೇ ಬರೆದಿದ್ದೆ. ಆ ಸಾಲು ನಿಮಗೆ ಬೇಕಾಗಿರಲಿಲ್ಲ, ಬಿಟ್ಟಿರಿ.

ಈಗ ನಿಮ್ಮ ಕೈಯಲ್ಲಿ ಏನಿದೆ ನೋಡಿ. ಎರಡು ಗ್ರಾಂ ಮೀರಿದ ಮಾಲು. ತೂಕದ ತಕ್ಕಡಿ. ಅಳತೆ ಮಾಡಿ ಕಟ್ಟಿದ ಪೊಟ್ಟಣಗಳು. ಯಾವ ಪೊಲೀಸನಾದರೂ ಬಂದು ನೋಡಿದರೆ ಇದನ್ನು ಮಾರಾಟಗಾರನ ಸಾಮಾನು ಎಂದೇ ಬರೆಯುತ್ತಾನೆ. ಕೊಟ್ಟದ್ದು ಮಗನಿಗೇ ಆದರೂ ಕಾನೂನಿನ ಕಣ್ಣಿಗೆ ಅದು ಕೊಟ್ಟದ್ದೇ. ನಿಮ್ಮ ಮಗ ಸ್ವಪ್ನಿಲ್ ಕಾಯಿಲೆಯವನು. ನೀವು, ನೀವೇ ನವೆಂಬರಿನಲ್ಲಿ ಒಳಗೆ ಹಾಕಿ ಎಂದಿರಲ್ಲ, ಆ ಮಾರುವವರ ಪೈಕಿ ಆಗಿ ಕೂತಿದ್ದೀರಿ. ನನಗೆ ನನ್ನ ಮೇಲೂ ಸಿಟ್ಟು. ನಿಮ್ಮಂಥ ವ್ಯಾಪಾರಸ್ಥರಿಗೆ ನಾನು ಅಳತೆಯ ಮಾತು ಬರೆಯಬಾರದಿತ್ತು.

ಮುಂದೇನು ಮಾಡಬೇಕು ಎಂದು ಕಾಗದದಲ್ಲಿ ಬರೆಯಲಾರೆ, ನಾನು ವಕೀಲೆ. ಸೋಮವಾರ ಬೆಳಿಗ್ಗೆ ಸ್ವಪ್ನಿಲ್‌ನನ್ನು ಕರೆದುಕೊಂಡು ಥಾಣೆಗೆ ಬನ್ನಿ. ಅವನಿಗೆ ಇನ್ನೂ ಬಾಗಿಲು ತೆರೆದಿದೆ. ನಿಮ್ಮದು ಆಮೇಲೆ ನೋಡೋಣ. ಮದುವೆ ಗಿದುವೆ ಎಂದು ಮತ್ತೆ ಬರೆದರೆ ಆ ಕಾಗದ ನಾನು ಒಡೆಯುವುದೇ ಇಲ್ಲ.

ವೇದಾ


ಡೊಂಬಿವಲಿ ಪೂರ್ವ
19 ಮಾರ್ಚ್ 2025

ವೇದಾ ಅಕ್ಕಾವರಿಗೆ ಮಹಾದೇವಕ್ಕ ಮಾಡುವ ನಮಸ್ಕಾರಗಳು.

ನಾನು ಮುರುಗೆಪ್ಪನವರ ಹೆಂಡತಿ. ನಿಮ್ಮನ್ನು ರಾಜ್ಯೋತ್ಸವದಲ್ಲಿ ದೂರದಿಂದ ನೋಡಿದ್ದೆ. ನಿಮ್ಮ ಮಾತು ನನಗೆ ಅಂದೇ ಸರಿ ಅನ್ನಿಸಿತ್ತು, ಆದರೆ ಹೆಣ್ಣುಮಕ್ಕಳ ಸಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ನಾನೂ ತಟ್ಟಲಿಲ್ಲ.

ಇವರನ್ನು ನಿನ್ನೆ ಪೊಲೀಸರು ಹಿಡಿದರು. ಮೊದಲು ತಂದದ್ದು ಮುಗಿದಿತ್ತು. ನಿಮ್ಮ ಕಾಗದ ಓದಿದ ದಿನ ಇವರ ಮುಖ ಬೆಳ್ಳಗಾಗಿತ್ತು. "ಇನ್ನೊಂದ ಸಲ ತರ್ತೀನಿ, ಅಷ್ಟರಾಗ ಸೊನ್ನಿಗೆ ಬರ್ತದ, ಆಮ್ಯಾಲ ಎಲ್ಲಾ ಬಂದ್" ಎಂದರು. ಯಾವುದರ ಮಾತು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು, ಕೇಳಲಿಲ್ಲ ಅಷ್ಟೇ. ದಿವಾ ಸ್ಟೇಶನ್ನಿನ ಹೊರಗೆ ಪೊಲೀಸರು ಆ ಮಾರುವವನಿಗೆ ಕಾಯುತ್ತಿದ್ದರಂತೆ. ಅವನು ಹಳಿ ದಾಟಿ ಓಡಿಹೋದ. ಇವರಿಗೆ ಓಡಲು ಗೊತ್ತಾಗಲಿಲ್ಲ, ನಿಂತೇ ಇದ್ದರು. ಮಾಲನ್ನು ನಮ್ಮ ಅಂಗಡಿಯ ಹೆಸರು, ಫೋನ್ ನಂಬರ್ ಅಚ್ಚಾದ ಚೀಲದಲ್ಲೇ ಹಾಕಿಕೊಂಡಿದ್ದರು. ಪೊಲೀಸರು ನೇರ ಅಂಗಡಿಗೆ ಬಂದು ತಕ್ಕಡಿ ತೆಗೆದುಕೊಂಡರು, ಪೊಟ್ಟಣಕ್ಕೆಂದು ಕತ್ತರಿಸಿಟ್ಟ ಕಾಗದದ ಚೂರುಗಳನ್ನು ತೆಗೆದುಕೊಂಡರು. ಮಾರಾಟಕ್ಕೆ ಎಂದು ಬರೆದರು.

ಸ್ವಪ್ನಿಲ್ ಪೊಲೀಸ್ ಠಾಣೆಗೆ ಓಡಿಬಂದು "ಸಾಹೇಬ್, ತೇ ಮಾಝಂ ಆಹೆ, ಪಪ್ಪಾಂಚಂ ನಾಹೀ" ಎಂದು ಅಳತೊಡಗಿದ, ಅದು ನನ್ನದು, ಅಪ್ಪನದಲ್ಲ ಎಂದು. ಇವರು ಬೆಂಚಿನಿಂದ ಎದ್ದು ಎಲ್ಲರೆದುರು ಕೂಗಿದರು. "ಏ, ಬಾಯಿ ಮುಚ್ಚು! ಸಾಹೇಬ್ರ, ಇವಗ ತಲಿ ಸರಿ ಇಲ್ಲ. ಎಲ್ಲಾ ನಂದ, ಬರಕೋರಿ." ಕನ್ನಡದಲ್ಲೇ ಕೂಗಿದರು, ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ, ಮತ್ತೆ ಮರಾಠಿಯಲ್ಲಿ ಹೇಳಿದರು. ನಾನು ಮಗನ ಅಂಗಿ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ನಿಮ್ಮ ಎಲ್ಲ ಕಾಗದ ನಿನ್ನೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕವು. ಜನವರಿಯದ್ದನ್ನೂ ಓದಿದೆ, ಬಾಗಿಲು ಇದೆ ಎಂದು ಬರೆದದ್ದು. ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಅದನ್ನು ನೀವು ನನಗೆ ಯಾಕೆ ಬರೆಯಲಿಲ್ಲ? ಹುಡುಗನ ತಾಯಿ ಇದ್ದಾಳೆ ಎಂದು ನಿಮಗೆ ಗೊತ್ತಿತ್ತು. ನನಗೆ ಬರೆದಿದ್ದರೆ ಅದೇ ಸೋಮವಾರ ಬರುತ್ತಿದ್ದೆ. ನನಗೆ ಯಾವ ಬೀಗರ ಹಂಗೂ ಇರಲಿಲ್ಲ.

ನಾಳೆ ಬೆಳಿಗ್ಗೆ ಅವನನ್ನು ಕರೆದುಕೊಂಡು ಥಾಣೆಗೆ ಬರುತ್ತೇನೆ. ಯಾವ ಆಸ್ಪತ್ರೆ ಎಂದು ಈ ಕಾಗದ ತಂದ ಮಯೂರಿಗೆ ಹೇಳಿ ಕಳಿಸಿ. ಇವರನ್ನು ಬಿಡಿಸುವ ಕೆಲಸ ನಿಮ್ಮದು.

ಮಹಾದೇವಕ್ಕ


(ಜೈಲಿನಿಂದ)
2 ಮೇ 2025

ವೇದಾ ಅವರಿಗೆ ಶರಣು ಶರಣಾರ್ಥಿ.

ಇಲ್ಲಿ ಬರೆದದ್ದನ್ನು ಓದಿ ಮುದ್ರೆ ಹಾಕಿಯೇ ಕಳಿಸುತ್ತಾರೆ. ಕನ್ನಡ ಬಲ್ಲ ಸಿಪಾಯಿ ಒಬ್ಬರಿದ್ದಾರೆ, ಸೊಲ್ಲಾಪುರದವರು. ಓದುವಾಗ ಅವರಿಗೂ ನನ್ನ ಶರಣು.

ನನ್ನ ಆರೋಗ್ಯ ಸರಿ ಇದೆ. ಮಯೂರಿಯ ಬೀಗರು ಲಗ್ನವನ್ನು ಮುಂದಕ್ಕೆ ಹಾಕಿದ್ದಾರೆಂದು ಮನೆಯವಳು ಹೇಳಿದಳು. ಬಳಗದವರು ಹೊಸ ಅಧ್ಯಕ್ಷರನ್ನು ಆರಿಸಿದರಂತೆ. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ.

ನನ್ನ ಪಕ್ಕದಲ್ಲಿ ಅಂಬಾದಾಸ ಎಂಬ ಟಿಟ್ವಾಳಾದ ರಿಕ್ಷಾ ಡ್ರೈವರ್ ಮಲಗುತ್ತಾನೆ. ಜೇಬಿನಲ್ಲಿ ಚಿಟಿಕೆ ಪುಡಿ ಸಿಕ್ಕಿತಂತೆ. ಜಾಮೀನು ಸಿಕ್ಕಿದೆ, ಜಾಮೀನಿಗೆ ನಿಲ್ಲಲು ಯಾರೂ ಇಲ್ಲದೆ ಒಳಗೇ ಇದ್ದಾನೆ. ಬಂದ ಹೊಸದರಲ್ಲಿ ಚಹಾದ ಲೋಟ ಹಿಡಿಯಲು ಕೈ ಬರುತ್ತಿರಲಿಲ್ಲ, ನಾನೇ ಕುಡಿಸಿದೆ. ಅವನಿಗೆ ಬೇಕಾದದ್ದು ಡಾಕ್ಟರ್. ಇಲ್ಲಿ ಅಂಥವರೇ ತುಂಬಿದ್ದಾರೆ. ನಿಮ್ಮ ದಿವಾ ಕಟ್ಟಡದ ಮಾತು ನೆನಪಾಗುತ್ತದೆ. ಮನೆ ಕೊಂಡವರೆಲ್ಲ ಇಲ್ಲಿದ್ದಾರೆ, ಬಿಲ್ಡರ್ ಒಬ್ಬನೂ ಕಾಣುವುದಿಲ್ಲ. ಅಪರಾಧಮುಕ್ತ ಎಂದು ನೀವು ಹೇಳಿದ್ದು ಏನು ಎಂದು ನನಗೆ ಈಗ ತಿಳಿದಿದೆ. ಲೈಸೆನ್ಸು ಕೊಟ್ಟು ಅಂಗಡಿ ಹಾಕಿಸುವುದಕ್ಕೆ ಮಾತ್ರ ನಾನು ಇವತ್ತಿಗೂ ಒಪ್ಪುವುದಿಲ್ಲ.

ಒಂದು ವಿನಂತಿ. ಕೋರ್ಟಿನಲ್ಲಿ ನನ್ನನ್ನು ಬಿಡಿಸುವ ಭರದಲ್ಲಿ ಪರಿಚಯದವರ ಮಗನ ಹೆಸರು ಎತ್ತಬೇಡಿ. ನನಗೆ ಎಷ್ಟು ವರ್ಷ ಕೊಟ್ಟರೂ ಸರಿ. ಆ ಹುಡುಗ ಹೇಗಿದ್ದಾನೆ ಎಂದು ಮಾತ್ರ ಹೇಗಾದರೂ ತಿಳಿಸಿ. ಇಲ್ಲಿಗೆ ಬಂದಾಗ ಮನೆಯವಳು ಚೆನ್ನಾಗಿದ್ದಾನೆ ಎನ್ನುತ್ತಾಳೆ, ಅವಳು ಯಾವಾಗಲೂ ಹಾಗೇ ಹೇಳುತ್ತಾಳೆ. ನನ್ನಿಂದ ಅವನಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ, ಅವನು ನನ್ನ ಬಗ್ಗೆ ಏನೆಂದುಕೊಂಡಿದ್ದಾನೋ, ಇದೊಂದೇ ತಲೆಯಲ್ಲಿ ಸುತ್ತುತ್ತದೆ.

ಮುರುಗೆಪ್ಪ


ಐರೋಲಿ
14 ಜುಲೈ 2025

ಮುರುಗೆಪ್ಪನವರಿಗೆ ನಮಸ್ಕಾರ.

ಜೈಲಿಗೆ ಬರೆದರೆ ಓದುತ್ತಾರೆಂದು ನಾನು ಇಷ್ಟು ದಿನ ಉತ್ತರ ಬರೆಯಲಿಲ್ಲ. ಈಗ ಜಾಮೀನಿನ ಮೇಲೆ ಮನೆಗೆ ಬಂದಿದ್ದೀರಿ, ಇದನ್ನು ಮಹಾದೇವಕ್ಕನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಜಾಮೀನಿನ ಷರತ್ತು ಓದಿ ನೀವು ಅತ್ತಿರೆಂದು ಆಕೆ ಹೇಳಿದರು. ಸರ್ಕಾರದ ಕಡೆಯವರು ಸ್ವಪ್ನಿಲ್‌ನನ್ನು ಸಾಕ್ಷಿ ಮಾಡಿದ್ದಾರೆ, ಸಾಕ್ಷಿಗಳನ್ನು ಆರೋಪಿ ಭೇಟಿ ಮಾಡಬಾರದು. ಅಪ್ಪ ಮಗ ಎಂದು ವಿನಾಯಿತಿ ಕೊಡಿ ಎಂದು ನಾನು ಅರ್ಧ ಗಂಟೆ ವಾದಿಸಿದೆ. ಅಪ್ಪ ಮಗ ಆದದ್ದರಿಂದಲೇ ಷರತ್ತು ಎಂದರು ಜಡ್ಜು. ಮೇಜು ಕುಟ್ಟಬೇಕು ಅನ್ನಿಸಿತು, ಫೈಲು ಎತ್ತಿಕೊಂಡು ಹೊರಗೆ ಬಂದೆ. ಮತ್ತೆ ಅರ್ಜಿ ಹಾಕುತ್ತೇನೆ.

ಅವನು ಚಿಕಿತ್ಸೆ ಪೂರ್ತಿ ಮಾಡುತ್ತಿದ್ದಾನೆ. ಮೊದಲ ತಿಂಗಳು ಎರಡು ಸಲ ಓಡಿಹೋಗಲು ನೋಡಿದ, ಮಹಾದೇವಕ್ಕ ಗೇಟಿನ ಹೊರಗೆ ಕೂತಿದ್ದರು. ಈಗ ಮೈಮೇಲೆ ಮಾಂಸ ಬಂದಿದೆ, ನಿದ್ದೆ ಮಾಡುತ್ತಾನೆ. ಡಾಕ್ಟರ್ ಇನ್ನೂ ಗಟ್ಟಿಯಾಗಿ ಏನನ್ನೂ ಹೇಳುತ್ತಿಲ್ಲ. ಬಿಟ್ಟವರು ಮತ್ತೆ ಹಿಡಿಯುವುದೂ ಉಂಟು, ನಿಮಗೆ ಸುಳ್ಳು ಹೇಳಲಾರೆ. ನೀವು ಕೊಟ್ಟ ಪೊಟ್ಟಣಗಳಿಂದ ಅವನಿಗೆ ಗುಣವೇನೂ ಆಗಲಿಲ್ಲವಂತೆ. ಅವನು ಗುಟ್ಟಾಗಿ ಬೇರೆ ಕಡೆಯಿಂದಲೂ ತರುತ್ತಿದ್ದ. ಕಾಗದದಲ್ಲಿ ಇದನ್ನು ಓದುವುದು ಕಷ್ಟ ಎಂದು ಗೊತ್ತು.

ಶನಿವಾರ ಅವನನ್ನು ನೋಡಲು ಹೋಗಿದ್ದೆ. ಸಾಕ್ಷಿಯ ಮಾತನ್ನು ಆರೋಪಿಗೆ ಮುಟ್ಟಿಸಬಾರದು. ಇಷ್ಟು ವರ್ಷದ ವಕೀಲಿಯಲ್ಲಿ ನಾನು ಒಂದು ಸಲವೂ ಮುಟ್ಟಿಸಿಲ್ಲ. ಈಗ ಮುಟ್ಟಿಸುತ್ತಿದ್ದೇನೆ, ಏನಾಗುತ್ತದೋ ಆಗಲಿ.

ಅಲ್ಲಿ ಎಲ್ಲರೂ ಸುತ್ತ ಕೂತು, ತಮಗೆ ಈ ವಿಷ ಯಾರು ಯಾರು ಕೊಟ್ಟರು ಎಂದು ಬಾಯಿಬಿಟ್ಟು ಹೇಳಬೇಕಂತೆ. ಚಿಕಿತ್ಸೆಯಲ್ಲಿ ಅದೂ ಒಂದು ಭಾಗ. ಸ್ವಪ್ನಿಲ್ ಆಫೀಸಿನವರ ಹೆಸರು ಹೇಳಿದ, ದಿವಾದವನ ಹೆಸರು ಹೇಳಿದ, ಕೊನೆಗೆ ನಿಮ್ಮ ಹೆಸರನ್ನೂ ಹೇಳಿದ. ಅಪ್ಪನ ಮೇಲೆ ಸಿಟ್ಟಿದೆಯಾ ಎಂದು ಅಲ್ಲಿಯವರು ಕೇಳಿದರಂತೆ. ಅದಕ್ಕೆ ಕೊಟ್ಟ ಉತ್ತರವನ್ನು ನನಗೂ ಹೇಳಿದ, ಹಿಂದಿಯಲ್ಲೇ. "ದೇನೇವಾಲೇ ಬಹುತ್ ಥೇ, ಆಂಟಿ. ರೋಜ್ ಥೋಡಾ ಕಮ್ ಕರ್‌ಕೇ ಸಿರ್ಫ್ ಪಪ್ಪಾ ನೇ ದಿಯಾ." ಕೊಟ್ಟವರು ಬಹಳ ಮಂದಿ ಇದ್ದರು, ದಿನಾ ಸ್ವಲ್ಪ ಕಡಿಮೆ ಮಾಡಿ ಕೊಟ್ಟವರು ಅಪ್ಪ ಒಬ್ಬರೇ.

ನಿಮ್ಮ ಪರವಾಗಿ ಯಾರೂ ಇಷ್ಟು ದೊಡ್ಡ ಮಾತು ಹೇಳಲಾರರು. ಅದನ್ನು ನಾನು ಕೋರ್ಟಿನಲ್ಲಿ ಹೇಳುವಂತಿಲ್ಲ, ಮುರುಗೆಪ್ಪನವರೇ. ನೀವು ಪುಡಿಯನ್ನು ಇನ್ನೊಬ್ಬರಿಗೆ ಕೊಟ್ಟಿರಿ ಎಂಬುದಕ್ಕೆ ಸರ್ಕಾರಿ ವಕೀಲರು ಹುಡುಕುತ್ತಿರುವ ಸಾಕ್ಷಿ ಅದೇ. ಅವನು ಕಟಕಟೆಗೆ ಬಂದಾಗ ಅದನ್ನು ಹೇಳದಂತೆ ತಡೆಯುವುದೇ ಈಗ ನನ್ನ ಕೆಲಸ.

ಅದಕ್ಕೇ ನಿಮಗೆ ಬರೆದೆ.

ವೇದಾ